ಲಿಫ್ಟಿಗೆ ಹೆದರುತ್ತಿದ್ದ ಉಮ್ಮ

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಈಗ ನಾನು ಒಬ್ಬಳೇ ಹೋಗಿ ಬರುತ್ತೇನೆ. ಮೊದಲು ಹಾಗಿರಲಿಲ್ಲ. ನಾನು ಬಾಗಿಲಿಗೆ ಬೀಗ ಹಾಕುವ ಸದ್ದು ಕೇಳಿದರೆ ಸಾಕು, ಎದುರಿನ ಫ್ಲಾಟಿನ ಬಾಗಿಲು ತೆರೆಯುತ್ತಿತ್ತು. ಕಪ್ಪು ಬುರ್ಖಾ, ಕೈತುಂಬ ಚಿನ್ನದ ಬಳೆ, ಅತ್ತರಿನ ಸಣ್ಣದೊಂದು ಗಾಳಿ.

“ಅಕ್ಕ, ಕೆಳಗೆ ಹೋಗ್ಲಿಕ್ಕಾ? ನಾನೂ ಬಂದೆ.”

ಅವರಿಗೆ ಕೆಳಗೆ ಎಂತ ಕೆಲಸವೂ ಇರುತ್ತಿರಲಿಲ್ಲ, ಕೆಲವೊಮ್ಮೆ. ನಾನು ಹೋಗುವಾಗ ಹೋಗಿ ಬಂದರೆ ಆಯಿತು, ಇಲ್ಲದಿದ್ದರೆ ಮೆಟ್ಟಿಲು ಇಳಿಯಬೇಕು, ಮೊಣಕಾಲು ನೋವು. ಒಬ್ಬರೇ ಲಿಫ್ಟ್ ಹತ್ತುವ ಪ್ರಶ್ನೆಯೇ ಇಲ್ಲ. ಬಾಗಿಲು ಮುಚ್ಚಿದ ಕೂಡಲೇ ನನ್ನ ಬಲಗೈಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲಿ ಏನೋ ಓದಲು ಶುರುಮಾಡುತ್ತಿದ್ದರು. ಗ್ರೌಂಡ್ ಫ್ಲೋರ್ ಬಂದು ಬಾಗಿಲು ತೆರೆದ ಮರುಕ್ಷಣ ಅದೇ ಬಾಯಿಯಲ್ಲಿ ವಾಚ್‌ಮನ್‌ಗೆ ಬೈಗುಳ. “ಎಂತ ಮಾರಾಯ, ನೀರಿನ ಟ್ಯಾಂಕ್ ತುಂಬಿ ಹರಿತಾ ಉಂಟು, ನಿನಗೆ ಮೊಬೈಲೇ ಮುಗಿಯುವುದಿಲ್ವಾ?”

ಕಟ್ಟಡದವರೆಲ್ಲ ಅವರನ್ನು ಉಮ್ಮ ಎನ್ನುತ್ತಿದ್ದರು. ಬ್ಯಾರಿ ಭಾಷೆಯಲ್ಲಿ ತಾಯಿ ಎಂದರ್ಥ. ನನಗಿಂತ ಎರಡು ಮೂರು ವರ್ಷ ದೊಡ್ಡವರೇ ಇರಬೇಕು, ಆದರೂ ನನ್ನನ್ನು ಅಕ್ಕ ಎಂದು ಕರೆದು ಆ ವಿಷಯವನ್ನು ಶಾಶ್ವತವಾಗಿ ಮುಗಿಸಿಬಿಟ್ಟಿದ್ದರು. ಉಳ್ಳಾಲದ ಮನೆತನ, ಪೇಟೆಯಲ್ಲಿ ಜವಳಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಅಂಗಡಿ ಮಗನ ಕೈಗೆ ಹೋಗಿತ್ತು, ಆದರೆ ಹಬ್ಬದ ಸೀಸನ್‌ನಲ್ಲಿ ಇವರು ಹೋಗಿ ಲೇಡೀಸ್ ಸೆಕ್ಷನ್‌ನಲ್ಲಿ ಕುರ್ಚಿ ಹಾಕಿ ಕುಳಿತರೆ ಮಗನೇ ಹೊರಗೆ ನಿಲ್ಲಬೇಕು. ಕಾಲಿಂಗ್ ಬೆಲ್ ಒತ್ತುವ ಅಭ್ಯಾಸ ಅವರಿಗಿರಲಿಲ್ಲ. ಬಳೆಯಿಂದ ಬಾಗಿಲು ಬಡಿಯುತ್ತಿದ್ದರು. ತೆರೆದರೆ ಕೈಯಲ್ಲೊಂದು ಮುಚ್ಚಿದ ತಟ್ಟೆ, ಅದರಲ್ಲಿ ಪತ್ತಿರ್, ಅಕ್ಕಿಯ ತೆಳು ರೊಟ್ಟಿ. “ನಿಮಗೆ ಅಂತ ಮಾಡಿದ್ದಲ್ಲ, ಹೆಚ್ಚಾಯ್ತು” ಎನ್ನುವುದು ಅವರ ಕ್ರಮ. ಹೆಚ್ಚಾದದ್ದು ಯಾವಾಗಲೂ ಬಿಸಿಯಾಗಿಯೇ ಇರುತ್ತಿತ್ತು.

ಅವರಿಗೆ ಇನ್ನೊಂದು ಕೆಲಸವೂ ಇತ್ತು. ಅವರ ಮಸೀದಿಯ ಜಮಾತಿನಲ್ಲಿ ಹೆಂಗಸರು ಯಾರಾದರೂ ತೀರಿಕೊಂಡರೆ ಮೈ ತೊಳೆಯಲು ಇವರಿಗೆ ಫೋನ್ ಬರುತ್ತಿತ್ತು. ಕರ್ಪೂರ, ಹತ್ತಿ, ಬಿಳಿ ಬಟ್ಟೆಯ ಒಂದು ಚೀಲ ಬಾಗಿಲ ಹಿಂದೆ ಸದಾ ತಯಾರು. ಅದು ಸಂಬಳದ ಕೆಲಸವಲ್ಲ, ಗೌರವದ್ದು. ಚಿಕ್ಕ ವಯಸ್ಸಿನಲ್ಲಿ ಅತ್ತೆಯಿಂದ ಕಲಿತದ್ದಂತೆ. ನನಗೆ ಗೊತ್ತಾದಾಗ ಕೇಳಿದ್ದೆ, “ಲಿಫ್ಟಿಗೆ ಹೆದರ್ತೀರಿ, ಹೆಣಕ್ಕೆ ಹೆದರುವುದಿಲ್ವಾ?”

“ಹೆಣ ಎಂತ ಮಾಡ್ತದೆ ಅಕ್ಕ? ಪಾಪ, ಮಲಗಿರ್ತದೆ. ಈ ಪೆಟ್ಟಿಗೆ ಹಾಗಲ್ಲ, ನಡುವಿನಲ್ಲಿ ನಿಂತು ಬಿಡ್ತದೆ.”

ಹೇಗೆ ತೊಳೆಯುತ್ತಾರೆ ಎಂದು ಒಮ್ಮೆ ಕೇಳಿದೆ. ಮೈ ಪೂರ್ತಿ ಬಿಚ್ಚುವುದಿಲ್ಲ, ಮೇಲೊಂದು ಬಟ್ಟೆ ಇದ್ದೇ ಇರುತ್ತದೆ, ಅದರ ಅಡಿಯಿಂದ ಕೈ ಹಾಕಿ, ಉಗುರುಬೆಚ್ಚಗಿನ ನೀರಲ್ಲಿ, ನೋಯಬಾರದು ಎಂಬ ಹಾಗೆ. “ಮತ್ತೆ ಒಳಗೆ ಕಂಡದ್ದನ್ನು ಹೊರಗೆ ಬಂದು ಹೇಳ್ಲಿಕ್ಕಿಲ್ಲ. ಯಾರಿಗೂ. ಅವರ ಮಗಳಿಗೂ.” ಅಷ್ಟು ಹೇಳಿ ಬಾಯಿಯ ಮೇಲೆ ಬೆರಳಿಟ್ಟರು. ಇಡೀ ಕಟ್ಟಡದ ಸುದ್ದಿ ಮೈಕ್ ಹಾಕಿದಂತೆ ಹೇಳುವ ಬಾಯಿ ಅದು.

ನನ್ನ ವಿಷಯ ಹೇಳದೆ ಅವರ ವಿಷಯ ಮುಂದೆ ಹೋಗುವುದಿಲ್ಲ. ಹೇಳಲು ಈಗಲೂ ನಾಚಿಕೆ.

ನಾನು ಕಾನ್ವೆಂಟ್ ಬೋರ್ಡಿಂಗಿನಲ್ಲಿ ಓದಿದವಳು. ನಮ್ಮದು ತುಳು ಮಾತಾಡುವ ಮನೆ, ಗದ್ದೆ ತೋಟವಿದ್ದ ಹಳೆಯ ಗುತ್ತಿನವರು, ಆದರೆ ಅಪ್ಪನಿಗೆ ಮಗಳು ಇಂಗ್ಲಿಷ್ ಮಾತಾಡಬೇಕು ಎಂಬ ಹಟ. ಸಿಸ್ಟರ್‌ಗಳು ನಮಗೆ ಗ್ರಾಮರ್ ಕಲಿಸಿದರು, ಎಂಬ್ರಾಯ್ಡರಿ ಕಲಿಸಿದರು, ಮತ್ತು ಪೆಟಿಕೋಟನ್ನು ಎದೆಯ ಮೇಲಕ್ಕೆ ಕಟ್ಟಿಕೊಂಡು ಸ್ನಾನ ಮಾಡುವುದನ್ನು ಕಲಿಸಿದರು. ಸೋಪು ಬಟ್ಟೆಯ ಒಳಗೆ, ಕಣ್ಣು ಗೋಡೆಯ ಮೇಲೆ. “ಮಾಡೆಸ್ಟಿ, ಗರ್ಲ್ಸ್.” ಗ್ರಾಮರ್ ಅರ್ಧ ಮರೆತಿದ್ದೇನೆ. ಸ್ನಾನ ಮಾತ್ರ ಮದುವೆಯಾದ ಮೇಲೂ, ಗಂಡ ತೀರಿಕೊಂಡ ಮೇಲೂ, ಚಿಲಕವಿರುವ ನನ್ನ ಸ್ವಂತ ಬಾತ್‌ರೂಮಿನಲ್ಲೂ ಹಾಗೆಯೇ ನಡೆದುಕೊಂಡು ಬಂತು. ಆದ್ದರಿಂದ ಗಂಟು ನನ್ನ ಕಣ್ಣಿಗೆ ಬೀಳಲಿಲ್ಲ. ಕೈಗೆ ಸಿಕ್ಕಿತು, ಒದ್ದೆ ಬಟ್ಟೆಯ ಒಳಗೆ, ಎಡಗಡೆ, ಗೋಲಿಯಷ್ಟು.

ಅದು ಏನಿರಬಹುದೆಂದು ನನಗೆ ಗೊತ್ತಿತ್ತು. ಪೇಪರ್ ಓದುತ್ತೇನೆ. ಇಂಗ್ಲಿಷಿನಲ್ಲಿ ಅದಕ್ಕಿರುವ ಎಲ್ಲ ಶಬ್ದಗಳೂ ಗೊತ್ತಿದ್ದವು, ಒಂದನ್ನೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಶಕ್ತಿನಗರದಲ್ಲಿರುವ ತಂಗಿಗೆ ಹೇಳಿದರೆ ಸಂಜೆಯೊಳಗೆ ಕುಟುಂಬಕ್ಕೆಲ್ಲ ಗೊತ್ತಾಗುತ್ತದೆ. ಭಾವಂದಿರು, ಅಳಿಯಂದಿರು ಎಲ್ಲರೂ ನನ್ನ ಆ ಜಾಗವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುತ್ತಾರೆ. ಸಾಯುವುದಕ್ಕಿಂತ ನನಗೆ ಅದೇ ದೊಡ್ಡದಾಗಿ ಕಂಡಿತು. ಡಾಕ್ಟರ ಹತ್ತಿರ ಹೋಗಲಿಲ್ಲ. ಒಂದು ಮಳೆಗಾಲ ಇಡೀ ಹಾಗೇ ಕಳೆಯಿತು.

ಬದಲಿಗೆ ನಾನು ಹರಕೆ ಹೊತ್ತೆ. ಹರಕೆಯನ್ನು “ಬ್ರೈಬ್” ಎಂದು ಗಂಡನ ಜೊತೆ ಸೇರಿ ನಗುತ್ತಿದ್ದವಳು ನಾನು. ನಮ್ಮ ಕಡೆ ಕಣ್ಣು ನೋವಾದರೆ ದೇವಿಗೆ ಬೆಳ್ಳಿಯ ಕಣ್ಣು, ಕಾಲು ನೋವಾದರೆ ಬೆಳ್ಳಿಯ ಕಾಲು ಒಪ್ಪಿಸುತ್ತಾರಲ್ಲ, ಹಾಗೆ ಒಪ್ಪಿಸುತ್ತೇನೆ ಎಂದುಕೊಂಡೆ. ರಥಬೀದಿಯ ಬೆಳ್ಳಿ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದವರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಯಾವುದು ಬೇಕು ಅಮ್ಮ?”

ನಾನು ಕೌಂಟರಿನ ಗಾಜನ್ನು ನೋಡುತ್ತ “ಕೈ” ಎಂದೆ.

“ಬಲವಾ, ಎಡವಾ?”

“ಎಡ.”

“ಕೈಗೆ ಎಂತ ಆಯ್ತು ಅಕ್ಕ?” ಹಿಂದಿನಿಂದ ದನಿ. ಉಮ್ಮ. ಮೊಮ್ಮಗಳಿಗೆ ಕಾಲ್ಗೆಜ್ಜೆ ಚೌಕಾಸಿ ಮಾಡುತ್ತ ಕುಳಿತಿದ್ದರು.

“ಸ್ವಲ್ಪ ನೋವು.”

ಅವರು ನನ್ನ ಎಡಗೈಯನ್ನು ನೋಡಿದರು. ಅದರಲ್ಲಿ ತರಕಾರಿಯ ದೊಡ್ಡ ಚೀಲ ತೂಗುತ್ತಿತ್ತು, ಸೌತೆಕಾಯಿ ಸಮೇತ. ಗೆಜ್ಜೆಯ ಚೌಕಾಸಿಗೆ ವಾಪಸಾದರು.

ಮಾರನೇ ದಿನ ಬಳೆಯ ಬಡಿತ. ತಟ್ಟೆ ಇರಲಿಲ್ಲ. ಒಳಗೆ ಬಂದು, ಬಾಗಿಲಿಗೆ ಚಿಲಕ ಹಾಕಿ, ಡೈನಿಂಗ್ ಟೇಬಲ್‌ನ ಮೇಲಿದ್ದ ಬೆಳ್ಳಿಯ ಕೈಯನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟರು.

“ನಿಮ್ಮ ಕೈಗೆ ಎಂತ ಆಗ್ಲಿಲ್ಲ. ಬೆಳಿಗ್ಗೆ ಒದ್ದೆ ಬೆಡ್‌ಶೀಟ್ ಹಿಂಡುವುದನ್ನು ನೋಡಿದ್ದೇನೆ. ದೇವರಿಗೆ ಸುಳ್ಳು ಹೇಳುವುದು ಯಾಕೆ, ಅದೂ ಬೆಳ್ಳಿಯಲ್ಲಿ?”

ನಾನು ನಗಲು ಹೋಗಿ ಅತ್ತೆ. ಎಲ್ಲಿ ಎಂದು ಹೇಳಲಾಗಲಿಲ್ಲ, ಸೆರಗಿನ ಮೇಲೆ ಕೈ ಇಟ್ಟೆ. ಅವರು ಅಯ್ಯೋ ಎನ್ನಲಿಲ್ಲ. ಎದ್ದು ಅಡುಗೆಮನೆಗೆ ಹೋದರು. ನೀರು ಕಾಯಿಸುವ ಸದ್ದು. ಟೀ ಮಾಡುತ್ತಾರೆಂದುಕೊಂಡೆ. ಅಲ್ಲ, ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಟವೆಲ್ ತಂದು ನನ್ನ ಹೆಗಲಿಂದ ಇಳಿಬಿಟ್ಟು, “ನೀವು ಕಿಟಕಿ ನೋಡಿ” ಎಂದರು. ಕಿಟಕಿಯ ಆಚೆ ಜೆಪ್ಪುವಿನ ಹಂಚಿನ ಮಾಡುಗಳು, ಒಂದು ತೆಂಗಿನ ಮರ, ಅದರ ಮೇಲೊಂದು ಕಾಗೆ. ಟವೆಲಿನ ಅಡಿಯಿಂದ ಅವರ ಬೆಚ್ಚಗಿನ ಬೆರಳು ಗಂಟನ್ನು ಹುಡುಕಿ, ಅಲ್ಲಿ ಒಂದು ಗಳಿಗೆ ನಿಂತು, ವಾಪಸು ಬಂತು. ರವಿಕೆಯ ಹುಕ್ಕುಗಳನ್ನು ಅವರೇ ಹಾಕಿದರು, ಮಗುವಿಗೆ ಹಾಕುವ ಹಾಗೆ ಕೆಳಗಿನಿಂದ ಮೇಲಕ್ಕೆ.

“ನಾಳೆ ಡಾಕ್ಟರಲ್ಲಿಗೆ. ಲಿಫ್ಟಿನಲ್ಲಿ ಇಳಿಯುವಾ.”

ಡಾಕ್ಟರು, ಮ್ಯಾಮೋಗ್ರಾಮ್, ಬಯಾಪ್ಸಿ. ನಾನು ಒಂದೊಂದು ಕಡೆಯೂ ನೆಲ ನೋಡುತ್ತ ಕುಳಿತೆ, ಅವರೇ ಮಾತಾಡಿದರು. ರಿಪೋರ್ಟು ಬಂತು, ಕ್ಯಾನ್ಸರ್. ತೆಗೆಯಬೇಕು ಎಂದರು, ಪೂರ್ತಿಯಾಗಿ. ತೆಗೆದರೆ ಉಳಿಯುವ ಸಂಭವ ಚೆನ್ನಾಗಿದೆ, ತಡ ಮಾಡಬೇಡಿ. ಹೊರಗೆ ಬಂದು ನಾನು ಆಗುವುದಿಲ್ಲ ಎಂದೆ.

“ಯಾಕೆ?”

“ಗಂಡಸು ಸರ್ಜನ್.”

“ಎಷ್ಟು ಪ್ರಾಯ?”

“ನಲವತ್ತು ಇರಬಹುದು.”

“ಹಾಗಾದರೆ ನಾಚಿಕೆ ಅವನಿಗೆ ಆಗ್ಬೇಕು, ಅಜ್ಜಿಯನ್ನು ನೋಡ್ಲಿಕ್ಕೆ. ನಿಮಗೆಂತ?”

ಅದು ತಮಾಷೆ. ಆದರೆ ರಿಕ್ಷಾದಲ್ಲಿ ಬರುವಾಗ ಮೆಲ್ಲ ಬೇರೆ ದನಿಯಲ್ಲಿ ಹೇಳಿದರು. “ಅಕ್ಕ, ನಾನು ತುಂಬ ಹೆಂಗಸರನ್ನು ನೋಡಿದ್ದೇನೆ. ನಾಚಿಕೆಯಿಂದ ಮುಚ್ಚಿಟ್ಟವರನ್ನೂ ನೋಡಿದ್ದೇನೆ. ಕೊನೆಗೆ ನೋಡಿದ್ದು ನಾನೇ.” ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಯಾರು, ಎಲ್ಲಿಯವರು, ಏನೂ ಇಲ್ಲ. ಅವರ ನಿಯಮವನ್ನು ಅಷ್ಟರ ಮಟ್ಟಿಗೆ ನನಗಾಗಿ ಬಗ್ಗಿಸಿದ್ದರು ಎಂದು ನನಗೆ ಅರ್ಥವಾಯಿತು. ಮನೆಗೆ ಹೋಗಿ ತಂಗಿಗೆ ಫೋನ್ ಮಾಡಿದೆ.

ಆಪರೇಶನ್ನಿಗೆ ಮುಂಚಿನ ದಿನಗಳಲ್ಲಿ ನಾನು ಪ್ರಾರ್ಥನೆ ಮಾಡಲು ನೋಡಿದೆ. ದೇವರ ಕೋಣೆಯಲ್ಲಿ ಕುಳಿತರೆ ಬಾಯಿಗೆ ಬರುವುದು ಸ್ಕೂಲಿನ ಇಂಗ್ಲಿಷ್ ಪ್ರೇಯರ್, ಅದನ್ನು ನಿಲ್ಲಿಸಿದರೆ ಬೇರೇನೂ ಬರುತ್ತಿರಲಿಲ್ಲ. ಅಮ್ಮ ಹೇಳುತ್ತಿದ್ದ ದೈವದ ಹಾಡಿನ ಸಂಧಿ, ಸ್ತೋತ್ರ ಯಾವುದನ್ನೂ ನಾನು ಕಲಿತಿರಲಿಲ್ಲ. ಇಷ್ಟು ವರ್ಷ ಆ ಕಡೆ ತಲೆ ಹಾಕದವಳು ಈಗ ಬಂದು ಕೂರುವುದಕ್ಕೂ ನಾಚಿಕೆ. ಉಮ್ಮನಿಗೆ ಹೇಳಿದೆ.

“ನಿಮಗೆ ಆಗದಿದ್ದರೆ ಬಿಡಿ. ನಾನು ಮೇಲಿನವನಿಗೆ ಹೇಳಿಯಾಗಿದೆ. ಹೆಸರು ಹೇಳಿದ್ದೇನೆ, ಫ್ಲಾಟ್ ನಂಬರೂ ಹೇಳಿದ್ದೇನೆ.”

“ಫ್ಲಾಟ್ ನಂಬರ್ ಯಾಕೆ?”

“ನಿಮ್ಮ ಹೆಸರಿನವರು ಊರಲ್ಲಿ ಎಷ್ಟು ಜನ ಇಲ್ಲ?”

ಆ ದಿನ ಬೆಳಿಗ್ಗೆ ಆಸ್ಪತ್ರೆಗೆ ತಂಗಿ ಬಂದಳು, ಉಮ್ಮನೂ ಬಂದರು. ತಂಗಿಗೆ ಉಮ್ಮನ ಕೆಲಸದ ವಿಷಯ ಗೊತ್ತಿತ್ತು. ನನ್ನ ಕಿವಿಯ ಹತ್ತಿರ ಬಗ್ಗಿ ತುಳುವಿನಲ್ಲಿ ಹೇಳಿದಳು: ಹೆಣ ತೊಳೆಯುವವರು, ಇವತ್ತಿನ ದಿನ ಇಲ್ಲಿ ಯಾಕೆ, ಶಕುನ ನೋಡಬೇಡವಾ ಅಕ್ಕ. ಮೆಲ್ಲಗೆ ಹೇಳಿದ್ದೇನೋ ಹೌದು, ಆದರೆ ಮಂಗಳೂರಿನಲ್ಲಿ ತುಳು ಯಾರಿಗೆ ಬರುವುದಿಲ್ಲ? ನನಗೆ ಮಂಚದ ಒಳಗೆ ಇಳಿದುಹೋಗಬೇಕು ಎನಿಸಿತು.

ಉಮ್ಮ ತಮ್ಮ ಬ್ಯಾಗಿನಿಂದ ಕಿತ್ತಳೆ ತೆಗೆದು ತಂಗಿಯ ಕೈಯಲ್ಲಿಟ್ಟರು. “ಹೌದು ಮಗ, ಅದಕ್ಕೇ ಬಂದದ್ದು. ಇವತ್ತು ಇಲ್ಲಿ ನನಗೆ ಕೆಲಸ ಇಲ್ಲ ಅಂತ ಕಣ್ಣಾರೆ ನೋಡಿ ಹೋಗ್ಲಿಕ್ಕೆ.”

ತಂಗಿ ಕಿತ್ತಳೆ ಸುಲಿಯಲು ಶುರುಮಾಡಿದಳು. ಬೇರೇನು ಮಾಡುವುದು ಎಂದು ಅವಳಿಗೂ ತೋಚಲಿಲ್ಲ.

ನರ್ಸು ಬಂದು ಮೈಮೇಲೆ ಲೋಹ ಇರಬಾರದು ಎಂದಳು. ಬಳೆ, ಓಲೆ ತಂಗಿಯ ಕೈಗೆ ಕೊಟ್ಟೆ. ಕರ್ಚೀಫಿನಲ್ಲಿ ಕಟ್ಟಿ ದಿಂಬಿನ ಅಡಿಯಲ್ಲಿಟ್ಟ ಬೆಳ್ಳಿಯ ಕೈ ಉಳಿದಿತ್ತು. ತಂಗಿಗೆ ಕೊಟ್ಟರೆ ಕೈ ಯಾಕೆ ಎಂದು ಕೇಳುತ್ತಾಳೆ. ಉಮ್ಮನ ಕಡೆ ಚಾಚಿದೆ.

“ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ, ಅಕ್ಕ,” ಎಂದರು. ಆದರೂ ತೆಗೆದುಕೊಂಡು ಬುರ್ಖಾದ ಜೇಬಿಗೆ ಹಾಕಿದರು. “ನಿಮ್ಮ ಸಾಮಾನು ಅಂತ ಜಾಗ್ರತೆ ಮಾಡ್ತೇನೆ. ಅಷ್ಟೇ.”

ಆಪರೇಶನ್ ಥಿಯೇಟರ್ ಮೇಲಿನ ಮಹಡಿಯಲ್ಲಿ. ಸ್ಟ್ರೆಚರನ್ನು ತಳ್ಳಿಕೊಂಡು ವಾರ್ಡಿನವನು ಲಿಫ್ಟಿನ ಮುಂದೆ ನಿಂತ. ಹಸಿರು ಗೌನಿನೊಳಗೆ ನಾನು ಏನೂ ತೊಟ್ಟಿರಲಿಲ್ಲ. ಶೀಟನ್ನು ಗಲ್ಲದವರೆಗೆ ಎಳೆದು ಹಿಡಿದಿದ್ದೆ. ಹಲ್ಲು ಕಟಕಟ ಎನ್ನುತ್ತಿತ್ತು. ಬೇಡ, ವಾಪಸು ಕರೆದುಕೊಂಡು ಹೋಗಿ ಎಂದು ಹೇಳಲು ಬಾಯಿ ತೆರೆದಿದ್ದೆ. ನಿಜವಾಗಿ ತೆರೆದಿದ್ದೆ.

“ಒಬ್ಬರು ಮಾತ್ರ ಬನ್ನಿ,” ಎಂದ ವಾರ್ಡಿನವನು.

ತಂಗಿ ಮುಂದೆ ಬರುವ ಮೊದಲೇ ಉಮ್ಮ ಒಳಗೆ ಹತ್ತಿದ್ದರು. ಅದು ನಮ್ಮ ಮನೆಯ ಲಿಫ್ಟಿನ ಹಾಗಲ್ಲ. ಉದ್ದ, ಸ್ಟೀಲಿನದ್ದು, ಬಾಗಿಲು ಎರಡು ಕಡೆಯಿಂದ ಬಂದು ಬಡಿಯುವಂಥದ್ದು. ಬಾಗಿಲು ಮುಚ್ಚಿತು. ಉಮ್ಮನ ಮುಖದ ಬಣ್ಣ ಹೋಯಿತು. ಶೀಟಿನ ಅಡಿಯಿಂದ ಕೈ ಹಾಕಿ ನನ್ನ ಬಲಗೈ ಹುಡುಕಿ ಹಿಡಿದರು. ಬೆರಳು ತಣ್ಣಗೆ, ನನ್ನದಕ್ಕಿಂತ ತಣ್ಣಗೆ. ಕಣ್ಣು ಮುಚ್ಚಿತ್ತು, ತುಟಿ ಓಡುತ್ತಿತ್ತು, ಬಳೆಗಳು ಸ್ಟ್ರೆಚರಿನ ಕಂಬಿಗೆ ತಾಗಿ ಕಿಣಿಕಿಣಿ ಎನ್ನುತ್ತಿದ್ದವು.

ಲಿಫ್ಟು ಒಮ್ಮೆ ಜಗ್ಗಿ ಮೇಲೆ ಹೊರಟಿತು. ನನಗೇ ಗೊತ್ತಿಲ್ಲದೆ ನನ್ನ ಬಾಯಿಂದ ನಮ್ಮ ಲಿಫ್ಟಿನಲ್ಲಿ ದಿನಾ ಅವರಿಗೆ ಹೇಳುವ ಮಾತು ಬಂತು. “ಹೆದರಬೇಡಿ. ಈಗ ಬಂತು. ಇನ್ನೊಂದೇ ಫ್ಲೋರ್.”

ಆಗ ನನ್ನ ಹಲ್ಲಿನ ಕಟಕಟ ನಿಂತಿತ್ತು.

ಅವರು ಓದುತ್ತಿದ್ದುದು ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಅಷ್ಟು ನಡುಗುತ್ತ, ಇಳಿದುಹೋಗದೆ, ಕಣ್ಣು ಮುಚ್ಚಿ ಹೇಳುತ್ತಲೇ ಇದ್ದರಲ್ಲ. ನಂಬಿಕೆ ಇದ್ದವರಿಗೆ ಹೆದರಿಕೆ ಇರುವುದಿಲ್ಲ, ನನಗೆ ಇಷ್ಟು ಹೆದರಿಕೆ ಇರುವುದರಿಂದ ನಾನು ದೇವರ ಬಾಗಿಲಿಗೆ ಹೋಗಲು ಯೋಗ್ಯಳಲ್ಲ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಲಿಫ್ಟಿನ ಬಾಗಿಲು ತೆರೆಯಿತು, ಕೈ ಬಿಟ್ಟೆವು. ಒಳಗೆ ಬಿಳಿ ದೀಪದ ಅಡಿಯಲ್ಲಿ ಸರ್ಜನ್ ಶೀಟು ಸರಿಸಿದಾಗ ನಾನು ಕಣ್ಣು ಮುಚ್ಚಿಕೊಂಡು ಹೇಳತೊಡಗಿದೆ. ಸ್ಕೂಲಿನ ಇಂಗ್ಲಿಷ್ ಪ್ರೇಯರೇ ಬಂತು, ನಡುವೆ ನಮ್ಮ ದೇವಿಯ ಹೆಸರು ಸೇರಿಸಿದೆ. ಕೊನೆಗೆ, ನಗಬೇಡಿ, ಫ್ಲಾಟ್ ನಂಬರೂ ಹೇಳಿದೆ.

ಎಚ್ಚರವಾದಾಗ ತಂಗಿ ಹೇಳಿದಳು. ಉಮ್ಮ ಕಾರಿಡಾರಿನ ಮೂಲೆಯಲ್ಲಿ ಶಾಲು ಹಾಸಿ ನಮಾಜು ಮಾಡಿದರಂತೆ. ಇಳಿಯುವಾಗ ಮೆಟ್ಟಿಲು ಇಳಿದೇ ಹೋದರಂತೆ.

ಆಮೇಲಿನದ್ದು ಸುಲಭವಾಗಿತ್ತು ಎನ್ನುವುದಿಲ್ಲ. ಗಾಯದ ನೀರು ಇಳಿಯಲು ಬದಿಗೆ ತೂಗುವ ಡ್ರೈನ್ ಬಾಟಲನ್ನು ಬಟ್ಟೆಯ ಚೀಲದಲ್ಲಿ ಅಡಗಿಸಿಕೊಂಡು ಓಡಾಡಿದೆ. ಕನ್ನಡಿಗೆ ಟವೆಲ್ ಹಾಕಿಟ್ಟೆ. ಗಾಯ ಮಾಗಿದ ಮೇಲೂ ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ಗೂನು ಬೆನ್ನು ಮಾಡಿ ನಡೆಯುತ್ತಿದ್ದೆ. ಒಂದು ದಿನ ಉಮ್ಮ ನನ್ನನ್ನು ಅವರ ಅಂಗಡಿಗೆ ಎಳೆದುಕೊಂಡು ಹೋದರು. ಲೇಡೀಸ್ ಸೆಕ್ಷನ್‌ನ ಹುಡುಗಿಗೆ, ಅಲ್ಲಿದ್ದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ, “ಇವರಿಗೆ ಒಂದು ಬದಿ ಇಲ್ಲ. ಸರಿ ಅಳತೆ ತೆಗೆದು ಪ್ಯಾಡಿನ ಬ್ರಾ ಕೊಡು” ಎಂದರು. ನನ್ನ ಕಿವಿ ಸುಟ್ಟುಹೋಯಿತು. ಆ ಹುಡುಗಿ ಟೇಪು ತೆಗೆದುಕೊಂಡು ಬಂದು, ಸೀರೆಗೆ ಫಾಲ್ ಬೇಕಾ ಎಂದು ಕೇಳುವ ದನಿಯಲ್ಲಿ, “ಯಾವ ಬದಿ ಅಮ್ಮ?” ಎಂದಳು. ಮನೆಗೆ ಬಂದು ನಾನು ಉಮ್ಮನ ಜೊತೆ ಜಗಳ ಮಾಡಿದೆ. ಎರಡು ದಿನ ಒಬ್ಬಳೇ ಲಿಫ್ಟಿನಲ್ಲಿ ಹೋದೆ. ಮೂರನೇ ದಿನ ಅವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುವುದನ್ನು ನೋಡಿ ಕರೆದೆ.

ಬೆಳ್ಳಿಯ ಕೈ ಅವರ ಹತ್ತಿರವೇ ಉಳಿಯಿತು. ಕೇಳಿದಾಗಲೆಲ್ಲ ನಾನು “ಆಮೇಲೆ” ಎನ್ನುತ್ತಿದ್ದೆ. ದೇವಿಗೆ ಒಪ್ಪಿಸೋಣವೆಂದರೆ ಅದು ಸುಳ್ಳು ಅಂಗ. ಸರಿಯಾದದ್ದನ್ನು ತರೋಣವೆಂದರೆ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಬೇಕು. ಹೀಗೆ ವರ್ಷಗಳೇ ಹೋದವು. “ನಿಮ್ಮ ಕೈ ನನ್ನ ಕಪಾಟಿನಲ್ಲಿ ಸೌಖ್ಯ ಉಂಟು ಅಕ್ಕ,” ಎಂದು ಲಿಫ್ಟಿನಲ್ಲಿ ಹೇಳಿ ನಗುತ್ತಿದ್ದರು. ಅವರು ಲಿಫ್ಟಿನಲ್ಲಿ ಕಣ್ಣು ತೆರೆದು ಆಡಿದ ಮಾತು ಅದೊಂದೇ.

ಕಳೆದ ಚಳಿಗಾಲದಲ್ಲಿ ಉಳ್ಳಾಲದ ಮಗಳ ಮನೆಗೆ ಹೋದವರು ಅಲ್ಲಿಯೇ ತೀರಿಕೊಂಡರು. ಹಾರ್ಟ್. ನಾನು ಹೋದಾಗ ಒಳಗೆ ತೊಳೆಯುತ್ತಿದ್ದರು. ಹೊರಗಿನ ಜಗಲಿಯಲ್ಲಿ ಹೆಂಗಸರ ಜೊತೆ ಕುಳಿತೆ. ಮುಚ್ಚಿದ ಬಾಗಿಲಿನ ಆಚೆ ನೀರು ಸುರಿಯುವ ಸದ್ದು ಮೆಲ್ಲ, ನಿಂತು ನಿಂತು ಕೇಳುತ್ತಿತ್ತು. ನೀರು ಬೆಚ್ಚಗಿದೆಯೇ ಎಂದು ಎದ್ದು ಹೋಗಿ ಕೇಳಬೇಕೆನಿಸಿತು. ಕೇಳಲಿಲ್ಲ. ಅವರಿಂದಲೇ ಕಲಿತವರು ಇರಬೇಕು, ಗೊತ್ತಿರುತ್ತದೆ.

ಕೆಲವು ವಾರಗಳ ನಂತರ ಅವರ ಮಗಳು ಎದುರಿನ ಫ್ಲಾಟ್ ಖಾಲಿ ಮಾಡಲು ಬಂದಳು. ಬೆಲ್ ಒತ್ತಿದಳು. ಅದೇ ಕರ್ಚೀಫು, ಒಗೆದು ಇಸ್ತ್ರಿ ಮಾಡಿದ್ದು, ಒಳಗೆ ಬೆಳ್ಳಿಯ ಕೈ, ಕಪ್ಪಾಗದ ಹಾಗೆ ಉಜ್ಜಿ ಇಟ್ಟದ್ದು.

“ಉಮ್ಮ ಹೇಳಿದ್ದರು, ಇದು ಅಕ್ಕನದ್ದು ಅಂತ. ಎಂತಕ್ಕೆ ಅಂತ ಕೇಳಿದರೆ ಹೇಳ್ಲಿಲ್ಲ.”

ಮಗಳಿಗೂ ಹೇಳಿರಲಿಲ್ಲ.

ಮಾರನೇ ದಿನ ರಥಬೀದಿಗೆ ಹೋದೆ. ಅದೇ ಅಂಗಡಿ, ಅದೇ ಮನುಷ್ಯ, ಕನ್ನಡಕ ಇನ್ನೂ ದಪ್ಪವಾಗಿತ್ತು. ಅಕ್ಕಪಕ್ಕ ಗಿರಾಕಿಗಳಿದ್ದರು, ಗಂಡಸರೂ ಇದ್ದರು. ಬಲಗೈಯನ್ನು ಯಾರೂ ಹಿಡಿದಿರಲಿಲ್ಲ. ಕಣ್ಣು ಒಮ್ಮೆ ಮುಚ್ಚಿ ತೆರೆದೆ.

“ಹರಕೆಗೆ ಬೆಳ್ಳಿಯದ್ದು ಬೇಕಿತ್ತು. ಮೊಲೆ,” ಎಂದೆ.

ಅವರು ತಲೆ ಎತ್ತಲೂ ಇಲ್ಲ. ಬಗ್ಗಿ ಕೆಳಗಿನ ಡ್ರಾಯರ್ ಎಳೆದು ಗಾಜಿನ ಮೇಲಿಟ್ಟರು. ಅದರ ತುಂಬ ಅವೇ ಇದ್ದವು. ಸಣ್ಣವು, ದೊಡ್ಡವು, ಒಂಟಿ, ಜೋಡಿ.

“ಇದು ತುಂಬ ಹೋಗ್ತದೆ ಅಮ್ಮ,” ಎಂದರು. “ಒಂದಾ, ಎರಡಾ?”

ನಾನು ಆ ಡ್ರಾಯರನ್ನೇ ನೋಡುತ್ತ ನಿಂತೆ. ನನ್ನ ಹಾಗೆ ಬಂದವರು ಎಷ್ಟು ಜನ. ಬಾಯಿಬಿಟ್ಟು ಕೇಳಿದವರು. ಆ ದಿನ ನಾನು ‘ಕೈ’ ಎಂದಾಗಲೂ ಈ ಡ್ರಾಯರು ಇಲ್ಲೇ, ನನ್ನ ಮೊಣಕಾಲಿನ ಎತ್ತರದಲ್ಲಿ ಇತ್ತು.

“ಒಂದು ಸಾಕು.”

ಪೊಟ್ಟಣ ಕಟ್ಟುವಾಗ ಅವರ ಕಣ್ಣು ನನ್ನ ಕರ್ಚೀಫಿನಿಂದ ಇಣುಕುತ್ತಿದ್ದ ಬೆಳ್ಳಿಯ ಕೈಯ ಮೇಲೆ ಬಿತ್ತು. “ಅದೂ ನಮ್ಮದೇ ಅಲ್ವಾ? ಹಳೆಯದ್ದನ್ನು ಕೊಟ್ಟು ಹೋಗ್ತೀರಾ?”

“ಇಲ್ಲ,” ಎಂದೆ. “ಈ ಕೈ ನನಗೆ ಬೇಕು.”